ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಿಮಾಕ್ಕೆ ಮುನ್ನ ಹೊಟ್ಟೆಗೇನು?

ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇದ್ದವು. ಬೆಂಗಳೂರಿನಲ್ಲಿ ಸಿನಿಮಾ ನೋಡಲು ಹೋದಾಗ, ಆಟಕ್ಕೆ ಮುಂಚೆ ಅಥವಾ ಆಟ ಬಿಟ್ಟ ಮೇಲೆ ಸಿಗುವ ಅಲ್ಪ ವೇಳೆಯಲ್ಲಿ, ಚಿತ್ರಮಂದಿರದ ಆಸುಪಾಸಿನಲ್ಲೇ ಎಲ್ಲಿ ಮತ್ತು ಏನನ್ನು ತಿನ್ನಬಹುದು ಎಂದು ಓದುಗರು ಕೇಳಿದ್ದಾರೆ. ಆ ಪತ್ರಗಳನ್ನು ಸಂಕ್ಷೇಪಿಸಿ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಮುಂದಿನ ಭಾನುವಾರ ನಾವು ತುಮಕೂರಿನಿಂದ ರೈಲಿನಲ್ಲಿ ಬಂದು, ಕೆಂಪೇಗೌಡ ರಸ್ತೆಯ ಚಿತ್ರಮಂದಿರವೊಂದರಲ್ಲಿ ಮಧ್ಯಾಹ್ನ ಒಂದೂವರೆಯ ಆಟ ನೋಡಬೇಕೆಂದಿದ್ದೇವೆ. ನಾನು, ನನ್ನ ಪತ್ನಿ, ಆರು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ನನ್ನ ತಾಯಿ ಬರುತ್ತಿದ್ದೇವೆ. ಹನ್ನೆರಡೂವರೆಯ ಸುಮಾರಿಗೆ ರೈಲು ಇಳಿಯುತ್ತೇವೆ. ಅಷ್ಟರಲ್ಲಿ ಊಟ ಮುಗಿಸಿ ಚಿತ್ರಮಂದಿರ ಸೇರಲು ಸಾಧ್ಯವೇ? ಎಲ್ಲಿ ಊಟ ಮಾಡಬಹುದು? (ತುಮಕೂರಿನ ಓದುಗರೊಬ್ಬರು)

ಉತ್ತರ: ಕೈಯಲ್ಲಿ ಒಂದು ಗಂಟೆ ಇದೆಯೆಂದು ನಿಮ್ಮ ಪತ್ರ ಓದಿದವರಿಗೆ ಅನ್ನಿಸುತ್ತದೆ. ಆದರೆ ಊಟಕ್ಕೆ ಅಷ್ಟು ಹೊತ್ತು ಉಳಿಯುವುದಿಲ್ಲ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಿಂದ ಹೊರಬಂದು, ಕೆಂಪೇಗೌಡ ಬಸ್ ನಿಲ್ದಾಣದ ಜನಜಂಗುಳಿಯನ್ನು ದಾಟಿ, ಉಪ್ಪಾರಪೇಟೆಯ ಬದಿಯಿಂದ ಕೆಂಪೇಗೌಡ ರಸ್ತೆಗೆ ಬರಲು, ವಯಸ್ಸಾದ ನಿಮ್ಮ ತಾಯಿಯವರ ನಡಿಗೆಯಲ್ಲಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಬೇಕಾಗುತ್ತದೆ. ಹತ್ತಿರದ ದಾರಿಯೆಂದು ಆಟೋದವರು ಬರಲೊಪ್ಪದಿರಬಹುದು. ಬಿಡುಗಡೆಯಾಗಿ ಹೆಚ್ಚು ದಿನಗಳಾಗದ ಚಿತ್ರವಾದರೆ, ಟಿಕೆಟ್ ಮೊದಲೇ ಕಾಯ್ದಿರಿಸಿದ್ದರೂ, ಒಂದೂಕಾಲಕ್ಕೆ ಬಾಗಿಲ ಬಳಿ ಇರುವುದು ಒಳ್ಳೆಯದು. ಹಿಂದಿನ ಆಟದ ಜನ ಹೊರಬರುವುದೂ ನಿಮ್ಮ ಆಟದ ಜನ ಒಳಹೋಗುವುದೂ ಒಂದೇ ಅಂಗಳದಲ್ಲಿ, ಒಂದೇ ವೇಳೆಯಲ್ಲಿ ನಡೆಯುತ್ತದೆ. ಹೀಗೆ ಎರಡೂ ಕಡೆ ಕಳೆದರೆ ಹೋಟೆಲಿನ ಬಾಗಿಲಿಂದ ಕೈ ತೊಳೆಯುವವರೆಗೆ ನಿಮಗೆ ಉಳಿಯುವುದು ಇಪ್ಪತ್ತು ನಿಮಿಷ ಮಾತ್ರ.

ಭಾನುವಾರದ ಒಂದು ಗಂಟೆಗೆ, ಮೆಜೆಸ್ಟಿಕ್ಕಿನ ಸುತ್ತಮುತ್ತ, ನಾಲ್ವರು ಒಂದೇ ಮೇಜಿನಲ್ಲಿ ಕುಳಿತು ಪೂರ್ಣ ಊಟವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸುವುದು ಆಗದ ಮಾತು. ಮೇಜು ಖಾಲಿಯಾಗುವುದನ್ನು ಕಾಯುವುದಕ್ಕೇ ಅರ್ಧ ವೇಳೆ ಹೋಗುತ್ತದೆ. ಕುಳಿತ ಮೇಲೆ ಪಲ್ಯ, ಪೂರಿ, ಅನ್ನ, ಸಾರು, ಮಜ್ಜಿಗೆ ಎಂದು ಬಡಿಸುವವರು ಸುತ್ತಿ ಬರುವ ಕ್ರಮವನ್ನು ಅವಸರಿಸಲು ಬರುವುದಿಲ್ಲ, ಅವಸರಿಸಲೂ ಬಾರದು. ಮಗುವಿಗೂ ಹಿರಿಯರಿಗೂ ಗಡಿಬಿಡಿಯಲ್ಲಿ ನುಂಗಿಸಿ ಮೂರು ಗಂಟೆ ಕತ್ತಲಲ್ಲಿ ಕೂರಿಸಿದರೆ ಸಿನಿಮಾದ ಸಂತೋಷವೇ ಹಾಳು.

ಆದ್ದರಿಂದ ನಮ್ಮ ಸಲಹೆಯೆಂದರೆ ಆಟಕ್ಕೆ ಮುಂಚೆ ಊಟದ ಯೋಚನೆಯನ್ನು ಬಿಟ್ಟು, ಅಡುಗೆಮನೆಯಲ್ಲಿ ಆಗಲೇ ತಯಾರಾಗಿರುವುದನ್ನು ತಿನ್ನಿರಿ. ಚಿತ್ರಮಂದಿರದ ಹತ್ತಿರ ಬೇಗ ತಿನ್ನಬೇಕಾದವರು ನೆನಪಿಡಬೇಕಾದ ಮುಖ್ಯ ವಿಷಯ ಇದೇ. ಬಿಸಿಬೇಳೆ ಬಾತ್, ವಾಂಗಿಬಾತ್, ಪುಳಿಯೋಗರೆ, ಪಲಾವ್, ಮೊಸರನ್ನ ಇವೆಲ್ಲ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದೊಡ್ಡ ಪಾತ್ರೆಗಳಲ್ಲಿ ಸಿದ್ಧವಾಗಿರುತ್ತವೆ. ಬಿಲ್ ಕೊಟ್ಟ ಒಂದು ನಿಮಿಷದಲ್ಲಿ ತಟ್ಟೆ ಕೈಗೆ ಬರುತ್ತದೆ. ಇಡ್ಲಿ ಮಧ್ಯಾಹ್ನವೂ ಸಿಗುವ ಕಡೆ ಅದೂ ಇದೇ ಸಾಲಿಗೆ ಸೇರುತ್ತದೆ, ಏಕೆಂದರೆ ಒಂದು ಒಬ್ಬೆ ಬೇಯಲು ಹತ್ತು ಹನ್ನೆರಡು ನಿಮಿಷ ಹಿಡಿದರೂ ಒಮ್ಮೆಗೇ ಹಲವಾರು ಇಡ್ಲಿಗಳು ಇಳಿಯುತ್ತವೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಊರಿನವರಾದ ನಿಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಸಾಲೆ ದೋಸೆ ಹಾಗಲ್ಲ. ಕಾವಲಿಯ ಮೇಲೆ ಒಂದು ಸಾಲು ಹುಯ್ದು, ಬೆಂದು, ಮಡಚಿ ತೆಗೆದ ಮೇಲೆಯೇ ಮುಂದಿನ ಸಾಲು; ನಿಮ್ಮ ಮುಂದೆ ಇಪ್ಪತ್ತು ದೋಸೆಯ ಬಿಲ್ಲುಗಳಿದ್ದರೆ ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಕಾಯಲೇಬೇಕು. ಪೂರಿ, ರವೆ ದೋಸೆ, ಗೋಬಿ ಮಂಚೂರಿ, ಉತ್ತರ ಭಾರತದ ರೋಟಿ–ಪಲ್ಯ ಇವನ್ನೂ ಆಟಕ್ಕೆ ಮುಂಚೆ ಹೇಳಬೇಡಿರಿ.

ನಿಮ್ಮ ತಾಯಿಯವರಿಗೆ ಕುರ್ಚಿ ಬೇಕು. ಈ ವಿಷಯದಲ್ಲಿ ರಾಜಿ ಬೇಡ. ನಿಂತು ತಿನ್ನುವ ದರ್ಶಿನಿಗಳಲ್ಲಿಯೂ ಈಗೀಗ ಒಂದೆರಡು ಮೇಜು ಕುರ್ಚಿಗಳನ್ನು ಹಾಕಿರುತ್ತಾರೆ, ಕೇಳಿದರೆ ಹಿರಿಯರಿಗೆ ಜಾಗ ಬಿಟ್ಟುಕೊಡುವವರೂ ಇದ್ದಾರೆ. ನೀವು ತಾಯಿಯವರನ್ನೂ ಮಗುವನ್ನೂ ಮೊದಲು ಕುಳ್ಳಿರಿಸಿ, ನಿಮ್ಮಿಬ್ಬರಲ್ಲಿ ಒಬ್ಬರು ಬಿಲ್ಲಿನ ಸಾಲಿಗೂ ಇನ್ನೊಬ್ಬರು ತಟ್ಟೆ ಪಡೆಯುವ ಕಡೆಗೂ ಹೋದರೆ ಐದು ನಿಮಿಷ ಉಳಿಯುತ್ತದೆ.

ಸ್ಥಳದ ವಿಷಯಕ್ಕೆ ಬಂದರೆ, ಕೆಂಪೇಗೌಡ ರಸ್ತೆಯ ಒಂದು ಮಗ್ಗುಲಿಗೆ ಗಾಂಧಿನಗರದ ಅಡ್ಡರಸ್ತೆಗಳಿವೆ, ಇನ್ನೊಂದು ಮಗ್ಗುಲಿಗೆ ಬಳೇಪೇಟೆ, ಚಿಕ್ಕಪೇಟೆಗಳಿವೆ. ಬಳೇಪೇಟೆಯ ಉಡುಪಿ ಶ್ರೀ ಕೃಷ್ಣ ಭವನ ಹಳಬರಿಗೆಲ್ಲ ಗೊತ್ತಿರುವ ಹೋಟೆಲು, ಅಲ್ಲಿನ ಸಾಗು ದೋಸೆಯ ಹೆಸರು ಊರಿಗೆಲ್ಲ ತಿಳಿದಿದೆ. ಆದರೆ ಪೇಟೆಯ ಕಡೆಯ ಅಂಗಡಿಗಳಲ್ಲಿ ಬಹಳಷ್ಟು ಭಾನುವಾರ ಮುಚ್ಚಿರುತ್ತವೆ, ಅವುಗಳ ಗಿರಾಕಿಗಳನ್ನೇ ನಂಬಿದ ತಿಂಡಿ ಹೋಟೆಲುಗಳೂ ಹಲವು ಅಂದು ಬಾಗಿಲು ತೆರೆಯುವುದಿಲ್ಲ. ನೀವು ಬರುತ್ತಿರುವುದು ಭಾನುವಾರವಾದ್ದರಿಂದ ಪೇಟೆಯ ಕಡೆಗೆ ತಿರುಗದೆ ಗಾಂಧಿನಗರದ ಅಡ್ಡರಸ್ತೆಗಳಿಗೆ ಹೋಗಿರಿ. ಅಲ್ಲಿ ವಸತಿಗೃಹಗಳು ಸಾಲಾಗಿ ಇರುವುದರಿಂದ ಅವುಗಳ ಕೆಳಗಿನ ಹೋಟೆಲುಗಳಿಗೆ ವಾರದ ಏಳು ದಿನವೂ ಊರೂರಿನ ಪ್ರಯಾಣಿಕರು ಬರುತ್ತಾರೆ. ಮುಖ್ಯರಸ್ತೆಗೆ ಅಂಟಿಕೊಂಡಿರುವ, ಚಿತ್ರಮಂದಿರದ ಎದುರಿನಲ್ಲೇ ಇರುವ ಹೋಟೆಲಿನಲ್ಲಿ ಆಟ ಬಿಡುವ ವೇಳೆಗೆ ನಿಲ್ಲಲೂ ಜಾಗವಿರುವುದಿಲ್ಲ. ಒಂದೇ ಒಂದು ಅಡ್ಡರಸ್ತೆ ಒಳಗೆ ಹೋದರೂ ಜನ ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ.

ಇನ್ನು, ಆಟ ಬಿಟ್ಟ ಮೇಲೆ ನೆಮ್ಮದಿಯಾಗಿ ಊಟ ಮಾಡೋಣವೆಂದುಕೊಂಡರೆ ಅದಕ್ಕೂ ಒಂದು ತೊಡಕಿದೆ. ಒಂದೂವರೆಯ ಆಟ ಮುಗಿಯುವಾಗ ನಾಲ್ಕಾಗಿರುತ್ತದೆ, ಬಹುತೇಕ ಹೋಟೆಲುಗಳಲ್ಲಿ ಮೂರು ಮೂರೂವರೆಗೆ ಊಟ ಮುಗಿದು ಪಾತ್ರೆ ತೊಳೆಯುವ ಕೆಲಸ ನಡೆದಿರುತ್ತದೆ. ಆದರೆ ನಾಲ್ಕಕ್ಕೆ ದೋಸೆಯ ಕಾವಲಿ ಮತ್ತೆ ಕಾಯುತ್ತದೆ, ಬೋಂಡಾ, ಮಂಗಳೂರು ಬಜ್ಜಿ ಬಾಣಲೆಗೆ ಬೀಳುತ್ತವೆ, ಕಾಫಿಗೆ ಹೊಸ ಡಿಕಾಕ್ಷನ್ ಇಳಿಯುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವ ಮುನ್ನ ಹೊಟ್ಟೆ ತುಂಬ ತಿಂಡಿ, ಒಂದು ಗಂಟೆಗೆ ಒಂದೊಂದು ತಟ್ಟೆ ಬಾತ್ ಅಥವಾ ಮೊಸರನ್ನ, ನಾಲ್ಕೂಕಾಲಕ್ಕೆ ಕುಳಿತು ದೋಸೆ–ಕಾಫಿ, ರಾತ್ರಿಯ ಊಟ ತುಮಕೂರಿನ ಮನೆಯಲ್ಲಿ. ಮಧ್ಯಾಹ್ನದ ಊಟ ಬೇಕೇ ಬೇಕು ಎಂದಾದರೆ ಒಂದು ರೈಲು ಮುಂಚೆ ಹೊರಟು ಹನ್ನೆರಡಕ್ಕೇ ಊಟಕ್ಕೆ ಕುಳಿತುಬಿಡಿ. ಆಗಷ್ಟೇ ಎಲೆ ಹಾಕಲು ತೊಡಗಿರುತ್ತಾರೆ, ಮೇಜುಗಳು ಖಾಲಿ ಇರುತ್ತವೆ, ಅನ್ನವೂ ಬಿಸಿಯಾಗಿರುತ್ತದೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಗೆಳೆಯರ ಜೊತೆ ಬೆಳಗಿನ ಹತ್ತೂವರೆಯ ಆಟಕ್ಕೆ ಹೋಗುತ್ತೇನೆ. ಟಿಕೆಟಿಗೇ ಹಣ ಖರ್ಚಾಗಿ ಊಟಕ್ಕೆ ಉಳಿಯುವುದು ಕಡಿಮೆ. ಕಡಿಮೆ ಖರ್ಚಿನಲ್ಲಿ, ಬೇಗ, ಹೊಟ್ಟೆ ತುಂಬುವಂತೆ ಎಲ್ಲಿ ತಿನ್ನಬಹುದು? (ಬೆಂಗಳೂರಿನ ಓದುಗ)

ಉತ್ತರ: ನಿಮ್ಮಂಥವರ ಅಗತ್ಯಕ್ಕೆಂದೇ ಬೆಂಗಳೂರು ದರ್ಶಿನಿಯನ್ನು ಹುಟ್ಟುಹಾಕಿತು ಎನ್ನಬಹುದು. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಈ ಪದ್ಧತಿ ಊರಿಡೀ ಹರಡಿತು. ಮೊದಲು ಹಣ ಕೊಟ್ಟು ಬಿಲ್ ಪಡೆಯುವುದು, ಅದನ್ನು ಅಡುಗೆಯವರ ಎದುರಿನ ಕಟ್ಟೆಯಲ್ಲಿ ಕೊಟ್ಟು ತಟ್ಟೆ ತೆಗೆದುಕೊಳ್ಳುವುದು, ಎತ್ತರದ ಮೇಜಿನ ಬಳಿ ನಿಂತು ತಿನ್ನುವುದು. ಬಡಿಸುವವರೂ ಇಲ್ಲ, ಕುಳಿತು ಕಾಲ ಕಳೆಯುವವರೂ ಇಲ್ಲದ ಕಾರಣ ಜಾಗ ಕಡಿಮೆ ಸಾಕು, ಬೆಲೆಯೂ ತಗ್ಗುತ್ತದೆ, ಅಡುಗೆಮನೆ ಎಲ್ಲರ ಕಣ್ಣೆದುರಿಗೇ ಇರುವುದರಿಂದ ಶುಚಿಯೂ ಉಳಿಯುತ್ತದೆ. ನಲವತ್ತು ವರ್ಷಗಳ ನಂತರವೂ, ಚಿತ್ರಮಂದಿರಕ್ಕೆ ಹೋಗುವವನ ಹೊಟ್ಟೆಗೆ ಇದಕ್ಕಿಂತ ಹೊಂದುವ ಏರ್ಪಾಡು ಈ ಊರಿನಲ್ಲಿ ಇನ್ನೊಂದು ಬಂದಿಲ್ಲವೆಂದೇ ನಮ್ಮ ಅಭಿಪ್ರಾಯ.

ನೀವು ಆಟಕ್ಕೆ ಮುಂಚೆ, ಹತ್ತು ಗಂಟೆಯೊಳಗೆ ತಿನ್ನುವುದು ಜಾಣತನ. ಆ ವೇಳೆಗೆ ಬೆಳಗಿನ ತಿಂಡಿಯ ನೂಕುನುಗ್ಗಲು ಇಳಿದಿರುತ್ತದೆ, ಇಡ್ಲಿ–ವಡೆ, ಖಾರಾಬಾತ್, ಚೌಚೌ ಬಾತ್ ಇನ್ನೂ ಸಿಗುತ್ತವೆ. ಹನ್ನೊಂದಾದರೆ ಖಾರಾಬಾತ್ ಮುಗಿದುಹೋಗಿ ಮಧ್ಯಾಹ್ನದ ಬಾತುಗಳು ಬರಲು ಹನ್ನೆರಡಾಗುತ್ತದೆ. ಇಡ್ಲಿ ಹೇಳಿದಾಗ ಸಾಂಬಾರನ್ನು ಮೇಲೆ ಸುರಿಯಬೇಕೇ, ಬೇರೆ ಬಟ್ಟಲಿನಲ್ಲಿ ಕೊಡಬೇಕೇ ಎಂದು ಕೇಳುತ್ತಾರೆ. ಅವಸರವಿದ್ದಾಗ ಬೇರೆಯಾಗಿಯೇ ಪಡೆಯಿರಿ, ಸುರಿದ ಬಿಸಿ ಸಾಂಬಾರು ಆರುವವರೆಗೆ ಕಾಯುವ ಪ್ರಸಂಗ ತಪ್ಪುತ್ತದೆ.

ಇಂದಿರಾ ಕ್ಯಾಂಟೀನುಗಳನ್ನು ವಿದ್ಯಾರ್ಥಿಗಳು ಯಾಕೋ ಮರೆಯುತ್ತಾರೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಬೆಳಗಿನ ತಿಂಡಿಗೆ 5 ರೂಪಾಯಿ, ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ 10 ರೂಪಾಯಿ ಎಂದು ದರ ಗೊತ್ತುಮಾಡಲಾಗಿತ್ತು. ಅಲ್ಲಿ ಊಟ ಕೊಡುವುದು ನಿಗದಿತ ಹೊತ್ತಿನಲ್ಲಿ ಮಾತ್ರ, ಮಾಡಿದ್ದು ಮುಗಿದರೆ ಮುಗಿಯಿತು. ಹತ್ತೂವರೆಯ ಆಟ ಒಂದು ಗಂಟೆಯ ಸುಮಾರಿಗೆ ಬಿಡುವುದರಿಂದ ಮಧ್ಯಾಹ್ನದ ಸರದಿಗೆ ನೀವು ಸರಿಯಾಗಿ ಹೋಗಿ ಸೇರಬಹುದು. ಚಿತ್ರಮಂದಿರಕ್ಕೆ ಹತ್ತಿರದ ಕ್ಯಾಂಟೀನ್ ಎಲ್ಲಿದೆಯೆಂದು ಆಟಕ್ಕೆ ಹೋಗುವ ಮುಂಚೆಯೇ ನೋಡಿಟ್ಟುಕೊಳ್ಳಿ. ಕೂಲಿ ಕೆಲಸದವರು, ಆಟೋ ಚಾಲಕರು ನಿಲ್ಲುವ ಸಾಲಿನಲ್ಲಿ ನಿಲ್ಲಲು ಸಂಕೋಚಪಡಬೇಕಾದ ಕಾರಣ ಯಾರಿಗೂ ಇಲ್ಲ.

ಪ್ರಶ್ನೆ: ಉರ್ವಶಿ ಚಿತ್ರಮಂದಿರದಲ್ಲಿ ಸಿನಿಮಾ ನೋಡುವ ದಿನ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲೇ ಊಟ ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಆಟಕ್ಕೆ ಒಂದು ಗಂಟೆ ಮುಂಚೆ ಹೋದರೆ ಸಾಕೇ? (ಶಿವಮೊಗ್ಗದ ಓದುಗರು)

ಉತ್ತರ: ಎರಡೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ, ಆಸೆಯೂ ಸಹಜವಾದದ್ದೇ. ಆದರೂ ಆಟಕ್ಕೆ ಮುಂಚೆ ಅಲ್ಲಿಗೆ ಹೋಗಬೇಡಿ ಎಂದೇ ಹೇಳುತ್ತೇವೆ. ಕೋಟದ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಈ ಹೋಟೆಲು 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದು ಇಲ್ಲಿಯೇ ಎಂದು ಪ್ರಸಿದ್ಧಿ. ಅಲ್ಲಿನ ಕ್ರಮವೆಂದರೆ ಹೆಸರು ಬರೆಸಿ, ಕರೆಯುವವರೆಗೆ ಕುಳಿತು, ಒಳಗೆ ಹೋದ ಮೇಲೆ ಒಂದಾದ ಮೇಲೊಂದರಂತೆ ಬರುವ ಪದಾರ್ಥಗಳನ್ನು ನಿಧಾನವಾಗಿ ಉಣ್ಣುವುದು. ರಜೆಯ ದಿನಗಳಲ್ಲಿ ಕಾಯುವುದಕ್ಕೇ ಒಂದು ಗಂಟೆ ಹಿಡಿಯಬಹುದು. ಗಡಿಯಾರ ನೋಡುತ್ತ ಉಂಡರೆ ಆ ಅಡುಗೆಗೂ ನ್ಯಾಯ ಸಲ್ಲುವುದಿಲ್ಲ, ನಿಮ್ಮ ಆಸೆಗೂ ಸಲ್ಲುವುದಿಲ್ಲ.

ಹೀಗೆ ಮಾಡಿರಿ. ಬೆಳಗಿನ ಆಟಕ್ಕೆ ಟಿಕೆಟ್ ಪಡೆದು, ಅದಕ್ಕೆ ಮುಂಚೆ ಬೇರೆಲ್ಲಾದರೂ ಎರಡು ಇಡ್ಲಿ ತಿಂದು, ಆಟ ಬಿಟ್ಟ ಕೂಡಲೇ ನಡೆದುಹೋಗಿ ಊಟಕ್ಕೆ ಹೆಸರು ಬರೆಸಿರಿ. ಆಗ ಎಷ್ಟು ಹೊತ್ತು ಕಾದರೂ ಚಿಂತೆಯಿಲ್ಲ, ನೋಡಿ ಬಂದ ಚಿತ್ರದ ಮಾತಾಡಿಕೊಂಡು ಕುಳಿತಿರಬಹುದು. ಸಂಜೆಯ ಆಟವಾದರೆ ಸಜ್ಜನ್‌ರಾವ್ ವೃತ್ತದ ಬಳಿಯ ವಿಶ್ವೇಶ್ವರಪುರದ ತಿಂಡಿ ಬೀದಿ ಇದೆ. ಸಂಜೆಯಾಗುತ್ತಲೇ ಅಲ್ಲಿ ಗಾಡಿಗಳೂ ಅಂಗಡಿಗಳೂ ಸಾಲುಗಟ್ಟುತ್ತವೆ, ಹೋಳಿಗೆ, ದೋಸೆ, ಪಡ್ಡು, ಚಾಟ್ ಎಲ್ಲವೂ ಕಣ್ಣೆದುರಿಗೇ ಆಗುತ್ತವೆ. ಅವರೆಕಾಯಿಯ ಕಾಲದಲ್ಲಿ, ಎಂದರೆ ಡಿಸೆಂಬರ್–ಜನವರಿಯಲ್ಲಿ ಬಂದರೆ, ಹಿತಕಿದ ಬೇಳೆಯ ತಿನಿಸುಗಳನ್ನು ಬಿಡಬೇಡಿ.

ವಾರದ ರಜೆಯನ್ನೂ ಗಮನಿಸಬೇಕು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಸೋಮವಾರ ಮುಚ್ಚಿರುತ್ತದೆ. 1943ರಿಂದ ಗಾಂಧಿ ಬಜಾರಿನಲ್ಲಿ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಹೊಸ ಚಿತ್ರಗಳು ತೆರೆಗೆ ಬರುವುದು ಸಾಮಾನ್ಯವಾಗಿ ಶುಕ್ರವಾರವೇ ಆದ್ದರಿಂದ, ಮೊದಲ ದಿನದ ಮೊದಲ ಆಟ ನೋಡಿ ಅಲ್ಲಿನ ಮಸಾಲೆ ದೋಸೆ ತಿನ್ನೋಣವೆಂದು ದೂರದಿಂದ ಬಂದವರು ಮುಚ್ಚಿದ ಬಾಗಿಲು ನೋಡಿ ಹಿಂದಿರುಗಬೇಕಾಗುತ್ತದೆ.

ಪ್ರಶ್ನೆ: ಮಾಲ್‌ನ ಮಲ್ಟಿಪ್ಲೆಕ್ಸಿಗೆ ಮನೆಯಿಂದ ಚಪಾತಿ–ಪಲ್ಯ ಕಟ್ಟಿಕೊಂಡು ಹೋಗಬಾರದೇ? ಬಾಗಿಲಲ್ಲಿ ಚೀಲ ತಪಾಸಣೆ ಮಾಡಿ ನೀರಿನ ಬಾಟಲಿಯನ್ನೂ ಇಡಿಸಿಕೊಂಡರು. ನನ್ನ ಸೊಸೆಯ ಬಳಿ ಹತ್ತು ತಿಂಗಳ ಮಗುವಿನ ಆಹಾರವಿತ್ತು. ಇದಕ್ಕೆ ಕಾನೂನು ಏನು ಹೇಳುತ್ತದೆ? (ಮೈಸೂರಿನ ಓದುಗರು)

ಉತ್ತರ: ಈ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ತೀರ್ಮಾನವಾಗಿದೆ. ಹೊರಗಿನ ತಿನಿಸನ್ನು ಚಿತ್ರಮಂದಿರದವರು ತಡೆಯಬಾರದೆಂದು ಜಮ್ಮು ಮತ್ತು ಕಾಶ್ಮೀರದ ಹೈಕೋರ್ಟ್ 2018ರಲ್ಲಿ ಆದೇಶಿಸಿತ್ತು. 2023ರ ಜನವರಿ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರಿದ್ದ ಪೀಠವು ಆ ಆದೇಶವನ್ನು ತಳ್ಳಿಹಾಕಿತು. ಚಿತ್ರಮಂದಿರ ಖಾಸಗಿ ಸ್ವತ್ತು, ಹೊರಗಿನ ತಿನಿಸು ತರಬಾರದೆಂಬ ಷರತ್ತನ್ನು ಮಾಲೀಕರು ಹಾಕಬಹುದು, ಒಳಗಿನದನ್ನು ಕೊಳ್ಳುವುದೂ ಬಿಡುವುದೂ ಪ್ರೇಕ್ಷಕರ ಇಷ್ಟ ಎಂಬುದು ತೀರ್ಪಿನ ಸಾರ. ಹಾಗಾಗಿ ಚಪಾತಿ–ಪಲ್ಯವನ್ನು ಅವರು ತಡೆದರೆ ಅದು ಕಾನೂನಿಗೆ ವಿರುದ್ಧವಲ್ಲ.

ಆದರೆ ಅದೇ ವಿಚಾರಣೆಯಲ್ಲಿ ಎರಡು ವಿಷಯಗಳು ಸ್ಪಷ್ಟವಾದವು. ಪ್ರೇಕ್ಷಕರಿಗೆ ಶುದ್ಧ ಕುಡಿಯುವ ನೀರನ್ನು ಚಿತ್ರಮಂದಿರದವರು ಹಣ ಪಡೆಯದೆ ಒದಗಿಸಬೇಕು. ತಂದೆತಾಯಿಯರು ಹಸುಗೂಸಿಗೆ ಬೇಕಾಗುವಷ್ಟು ಆಹಾರ ತಂದರೆ ತಡೆಯಬಾರದು. ನಿಮ್ಮ ಸೊಸೆಯವರು ಮಗುವಿನ ಗಂಜಿಯ ಡಬ್ಬಿಯನ್ನು ನಿಸ್ಸಂಕೋಚವಾಗಿ ಒಯ್ಯಲಿ, ತಡೆದರೆ ಕಾವಲಿನವರೊಡನೆ ವಾದಕ್ಕೆ ನಿಲ್ಲದೆ ವ್ಯವಸ್ಥಾಪಕರನ್ನು ಕರೆಸಿ ಈ ತೀರ್ಪನ್ನು ತಿಳಿಸಲಿ. ಬಾಗಿಲಲ್ಲಿ ನಿಂತವರು ಹೇಳಿದ ಕೆಲಸ ಮಾಡುವ ನೌಕರರು, ನಿಯಮ ಸಡಿಲಿಸುವ ಅಧಿಕಾರ ಅವರ ಕೈಯಲ್ಲಿರುವುದಿಲ್ಲ. ಉಚಿತ ನೀರು ಎಲ್ಲಿದೆಯೆಂದು ಒಳಗೆ ಹೋದೊಡನೆ ಕೇಳಿ ತಿಳಿದುಕೊಳ್ಳಿ. ಅದು ಇರಲೇಬೇಕಾದದ್ದು, ಕೇಳುವವರು ಹೆಚ್ಚಾದಷ್ಟೂ ಅದನ್ನು ಮೂಲೆಗೆ ತಳ್ಳುವುದು ಕಷ್ಟವಾಗುತ್ತದೆ.

ಬಿಲ್ಲಿನ ಬಗೆಗೂ ಒಂದು ಮಾತು. 2023ರ ಜುಲೈ 11ರಂದು ನಡೆದ ಜಿ.ಎಸ್.ಟಿ. ಮಂಡಳಿಯ 50ನೆಯ ಸಭೆಯಲ್ಲಿ, ಚಿತ್ರಮಂದಿರದೊಳಗೆ ಟಿಕೆಟಿನಿಂದ ಪ್ರತ್ಯೇಕವಾಗಿ ಮಾರುವ ತಿನಿಸು–ಪಾನೀಯಗಳಿಗೆ ಹೋಟೆಲಿನಂತೆಯೇ ಶೇ 5ರ ತೆರಿಗೆ ಎಂದು ಸ್ಪಷ್ಟಪಡಿಸಲಾಯಿತು. ಪಾಪ್‌ಕಾರ್ನಿನ ಬಿಲ್ಲಿನಲ್ಲಿ ಇದಕ್ಕಿಂತ ಹೆಚ್ಚಿನ ದರ ಕಂಡರೆ ಕೇಳಬಹುದು. ಮೂಲ ಬೆಲೆಯನ್ನು ಮಾತ್ರ ಅವರೇ ಗೊತ್ತುಮಾಡುತ್ತಾರೆ. ಚಪಾತಿ–ಪಲ್ಯವನ್ನು ಮಾಲ್‌ನ ಹೊರಗಿನ ಯಾವುದಾದರೂ ಕಟ್ಟೆಯ ಮೇಲೆ ಕುಳಿತು ತಿಂದು ಒಳಗೆ ಹೋಗುವುದರಲ್ಲಿ ಯಾವ ಕೊರತೆಯೂ ಇಲ್ಲ.

ಪ್ರಶ್ನೆ: ನನಗೆ ಮಧುಮೇಹವಿದೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಸಿನಿಮಾದ ದಿನ ಊಟದ ಹೊತ್ತು ಏರುಪೇರಾಗುತ್ತದೆ. ಏನು ಮಾಡಲಿ? (ಹಾಸನದ ಓದುಗರು)

ಉತ್ತರ: ಪ್ರಮಾಣವನ್ನೂ ವೇಳೆಯನ್ನೂ ಬದಲಿಸುವ ವಿಚಾರದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ, ಆದ್ದರಿಂದ ಟಿಕೆಟ್ ಪಡೆಯುವ ಮುಂಚೆಯೇ ಅವರನ್ನು ಕೇಳಿರಿ. ನಾವು ಹೇಳಬಹುದಾದದ್ದು ಹೋಟೆಲಿನ ಕಡೆಯ ಎಚ್ಚರವನ್ನು ಮಾತ್ರ. ಊಟಕ್ಕೆ ಮುಂಚಿನ ಇನ್ಸುಲಿನ್ ಅನ್ನು ಮನೆಯಲ್ಲೋ ಬಸ್ಸಿನಲ್ಲೋ ಚುಚ್ಚಿಕೊಂಡು ಹೋಟೆಲು ಹುಡುಕುತ್ತ ಹೊರಡಬೇಡಿ. ಹೋಟೆಲಿನಲ್ಲಿ ಸಾಲು ಉದ್ದವಿದ್ದರೆ, ತಿನಿಸು ಬರುವುದು ತಡವಾದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಟ್ಟೆ ಬರುವುದು ಖಚಿತವಾದ ಮೇಲೆಯೇ ಚುಚ್ಚಿಕೊಳ್ಳುವುದು ಕ್ಷೇಮ. ಕಿಸೆಯಲ್ಲಿ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಇರಲೇಬೇಕು. ಕತ್ತಲಲ್ಲಿ ಕೈ ನಡುಕ, ಬೆವರು, ತಲೆಸುತ್ತು ಕಂಡರೆ ಮಧ್ಯಂತರಕ್ಕೆ ಕಾಯದೆ ತಕ್ಷಣ ಬಾಯಿಗೆ ಹಾಕಿಕೊಳ್ಳಿ, ಪಕ್ಕದವರಿಗೆ ಮೊದಲೇ ತಿಳಿಸಿರಿ. ವೈದ್ಯರ ಚೀಟಿಯ ಒಂದು ಪ್ರತಿಯನ್ನು ಜೊತೆಗಿಟ್ಟುಕೊಂಡು ಬಾಗಿಲಲ್ಲಿ ತೋರಿಸಿದರೆ ಅಷ್ಟನ್ನು ಒಳಗೆ ಬಿಡುವಂತೆ ವ್ಯವಸ್ಥಾಪಕರನ್ನು ಒಪ್ಪಿಸುವುದು ಸುಲಭ. ನಿಮಗೆ ಹೊಂದುವುದು ನಿಮ್ಮ ಊಟದ ಹೊತ್ತಿಗೆ ಅಡ್ಡ ಬಾರದ ಆಟ, ಎಂದರೆ ಬೆಳಗಿನ ಹತ್ತೂವರೆಯದು ಅಥವಾ ಸಂಜೆ ನಾಲ್ಕೂವರೆಯದು. ಮೂರು ಗಂಟೆ ಮೀರುವ ದೀರ್ಘ ಚಿತ್ರಗಳಿಗೆ ಚಿತ್ರಮಂದಿರದವರು ಆಟದ ವೇಳೆಯನ್ನೇ ಹಿಂದುಮುಂದು ಮಾಡುತ್ತಾರಾದ್ದರಿಂದ ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ನಮಗೆ ಮುದ್ದೆ, ಮಾಂಸದ ಸಾರು ಇಷ್ಟ. ಮೆಜೆಸ್ಟಿಕ್ ಬಳಿ ಸಿನಿಮಾ ನೋಡುವ ದಿನ ಬೇಗ ಊಟ ಮುಗಿಸಲು ಮಿಲಿಟರಿ ಹೋಟೆಲು ಆದೀತೇ? (ಮಂಡ್ಯದ ಓದುಗರು)

ಉತ್ತರ: ಖಂಡಿತ ಆಗುತ್ತದೆ, ಆದರೆ ಹಗಲಿನಲ್ಲಿ. ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ, ಸಾರು, ಫ್ರೈ, ಬಿರಿಯಾನಿ ಎಲ್ಲವೂ ಬೆಳಿಗ್ಗೆಯೇ ಆಗಿ ಪಾತ್ರೆಯಲ್ಲಿರುತ್ತವೆ, ಹೇಳಿದ ಕೂಡಲೇ ಎಲೆಗೆ ಬರುತ್ತವೆ. ಕಾಟನ್‌ಪೇಟೆಯ ಎಸ್.ಜಿ. ರಾವ್ ಮಿಲಿಟರಿ ಹೋಟೆಲಿನಂಥ ಹಳೆಯ ಹೋಟೆಲುಗಳು ಮೆಜೆಸ್ಟಿಕ್ಕಿನಿಂದ ದೂರವೇನಲ್ಲ. ಇಂಥ ಕಡೆಗಳಲ್ಲಿ ಅಂದಿನ ಅಡುಗೆ ಮುಗಿಯುವವರೆಗೆ ಮಾತ್ರ ವ್ಯಾಪಾರ, ಮೂರರ ನಂತರ ಹೋದರೆ ಬಯಸಿದ್ದು ಸಿಗುವ ಭರವಸೆ ಇಲ್ಲ. ನಾಲ್ಕೂವರೆಯ ಆಟಕ್ಕೆ ಹೋಗುವವರು ಎರಡು ಗಂಟೆಯೊಳಗೆ ಉಂಡುಬಿಡಬೇಕು. ಒಂದೂವರೆಯ ಆಟವಾದರೆ ಹನ್ನೆರಡಕ್ಕೇ ಹೋಗಿರಿ. ಮುದ್ದೆಯನ್ನು ನುಂಗಿ ಕೂಡಲೇ ಕತ್ತಲಲ್ಲಿ ಕುಳಿತರೆ ನಿದ್ದೆ ಹತ್ತುವುದು ಸಹಜ, ನಡುವೆ ಸ್ವಲ್ಪ ನಡಿಗೆಗೆ ಬಿಡುವಿರಲಿ.

ಪ್ರಶ್ನೆ: ಏಳೂವರೆಯ ಆಟ ಮುಗಿದಾಗ ಹತ್ತು ದಾಟಿರುತ್ತದೆ. ನಾನು ಒಬ್ಬಳೇ ಸಿನಿಮಾಕ್ಕೆ ಹೋಗುವವಳು. ಅಷ್ಟು ಹೊತ್ತಿನಲ್ಲಿ ಗಾಂಧಿನಗರದ ಸುತ್ತ ಎಲ್ಲಿ ತಿನ್ನಬಹುದು? ತಳ್ಳುಗಾಡಿಯ ತಿನಿಸು ತಿನ್ನಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಆಟ ಬಿಟ್ಟ ಮೇಲೆ ಹೋಟೆಲು ಹುಡುಕುವುದಕ್ಕಿಂತ ಆಟಕ್ಕೆ ಮುಂಚೆ, ಆರೂವರೆಗೆ, ತಿಂದು ಒಳಗೆ ಹೋಗುವುದು ನಿಮಗೆ ಹೆಚ್ಚು ಅನುಕೂಲ. ಆರೂವರೆಗೆ ದೋಸೆಯ ಕಾವಲಿಯೂ ಚುರುಕಾಗಿರುತ್ತದೆ, ರಾತ್ರಿಯ ಊಟದ ಜನರೂ ಇನ್ನೂ ಬಂದಿರುವುದಿಲ್ಲ. ಹತ್ತರ ಸುಮಾರಿಗೆ ಬಹಳಷ್ಟು ದರ್ಶಿನಿಗಳಲ್ಲಿ ಬಿಲ್ ಕೊಡುವುದನ್ನು ನಿಲ್ಲಿಸಿರುತ್ತಾರೆ, ನೆಲ ತೊಳೆಯುತ್ತಿರುತ್ತಾರೆ. ತೆರೆದಿರುವ ಕಡೆಯಲ್ಲೂ ಸಿಗುವುದು ಉಳಿದದ್ದೇ.

ಆದರೂ ಹಸಿವಾದರೆ, ವಸತಿಗೃಹಗಳಿಗೆ ಸೇರಿದ ಹೋಟೆಲುಗಳು ತಡವಾಗಿ ಬರುವ ಪ್ರಯಾಣಿಕರಿಗಾಗಿ ಇನ್ನಷ್ಟು ಹೊತ್ತು ತೆರೆದಿರುತ್ತವೆ, ಅಲ್ಲಿ ದೀಪ, ಜನ, ಕುಟುಂಬಗಳು ಕೂರುವ ಜಾಗ ಎಲ್ಲವೂ ಇರುತ್ತವೆ. ಒಬ್ಬಳೇ ಬಂದು ಊಟಕ್ಕೆ ಕುಳಿತ ಹೆಣ್ಣುಮಗಳನ್ನು ಮೂಲೆಯ ಮೇಜಿಗೆ ಕಳಿಸುವ ಅಥವಾ ಬೇಗ ಎಬ್ಬಿಸುವ ಅಭ್ಯಾಸ ಕೆಲವು ಕಡೆ ಇನ್ನೂ ಉಳಿದಿರುವುದು ವಿಷಾದದ ಸಂಗತಿ. ನಿಮಗೆ ಹಿತವೆನಿಸುವ ಮೇಜನ್ನು ಕೇಳಿ ಪಡೆಯುವ ಹಕ್ಕು ಉಳಿದ ಗಿರಾಕಿಗಳಷ್ಟೇ ನಿಮಗೂ ಇದೆ.

ತಳ್ಳುಗಾಡಿಯ ತಿನಿಸೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ರಾತ್ರಿ ಪಾಳಿಯ ಎಷ್ಟೋ ದುಡಿಯುವ ಜನರನ್ನು ಸಾಕುತ್ತಿರುವುದು ಅದೇ. ನಿಮ್ಮೆದುರಿಗೇ ಬಿಸಿಯಾಗಿ ಆಗುವುದನ್ನು ಆರಿಸಿರಿ. ಆಗಷ್ಟೇ ಒಡೆದ ಮೊಟ್ಟೆಯ ಆಮ್ಲೆಟ್, ಕಾವಲಿಯಿಂದ ನೇರವಾಗಿ ತಟ್ಟೆಗೆ ಬರುವ ದೋಸೆ ಆಗಬಹುದು. ತೆಂಗಿನಕಾಯಿ ಚಟ್ನಿಯನ್ನು ಮಾತ್ರ ಆ ಹೊತ್ತಿನಲ್ಲಿ ಬಿಟ್ಟುಬಿಡಿ, ಸಂಜೆ ರುಬ್ಬಿ ಹೊರಗಿಟ್ಟದ್ದು ಬೇಸಿಗೆಯಲ್ಲಿ ರಾತ್ರಿಯ ಹೊತ್ತಿಗೆ ಹಳಸಿರುತ್ತದೆ. ಮಧ್ಯಾಹ್ನ ಬೇಯಿಸಿ ಹೊರಗೇ ಇಟ್ಟ ಅನ್ನವನ್ನು ರಾತ್ರಿ ಮತ್ತೆ ಹುರಿದು ಕೊಡುವುದರಿಂದಲೂ ಹೊಟ್ಟೆ ಕೆಡುತ್ತದೆ, ಬಿಸಿ ಮಾಡಿದ ಮಾತ್ರಕ್ಕೆ ಆ ದೋಷ ಹೋಗುವುದಿಲ್ಲ. ಹೆಚ್ಚಿಟ್ಟ ಹಸಿ ಈರುಳ್ಳಿ, ಸೌತೆಕಾಯಿ ಬೇಡ. ಕೆಂಪೇಗೌಡ ನಿಲ್ದಾಣದಿಂದ ಕೊನೆಯ ಮೆಟ್ರೋ ಎಷ್ಟು ಗಂಟೆಗೆಂದು ಆಟಕ್ಕೆ ಮುಂಚೆಯೇ ನೋಡಿಟ್ಟುಕೊಳ್ಳಿ. ಅದು ತಪ್ಪುವಂತಿದ್ದರೆ ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಹೋಗಿ ತಿನ್ನಿರಿ. ಸಾಂಬಾರನ್ನೂ ತಿನಿಸನ್ನೂ ಬೇರೆ ಬೇರೆ ಕಟ್ಟುವಂತೆ ಹೇಳುವುದನ್ನು ಮರೆಯಬೇಡಿ.